ಇಲಿಯ ಮೇಲಿನ ಪ್ರಯೋಗ ಅಂತ ಮೊದಲ ಸಾಲಲ್ಲೇ ಬರೆಯಿರಿ

ಮಾನ್ಯರೇ,

ಸಕ್ಕರೆ ಕಾಯಿಲೆಯವರ ಮಿದುಳು, ನರಗಳನ್ನು ಗಿಡಮೂಲಿಕೆ ಸಾರ ಕಾಪಾಡುತ್ತದೆ ಎಂದು ನಿಮ್ಮ ಆರೋಗ್ಯ ಪುಟದಲ್ಲಿ ಬಂದ ವರದಿಯನ್ನು ನಮ್ಮಪ್ಪ ಕತ್ತರಿಸಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಮೂರು ವಾರದಿಂದ ಮಾತ್ರೆ ಬಿಟ್ಟು ಬಾಟಲಿ ಸಾರ ಕುಡಿಯುತ್ತಿದ್ದರಂತೆ. ನಮಗೆ ಗೊತ್ತೇ ಇರಲಿಲ್ಲ. ನಿನ್ನೆ ಬೆಳಿಗ್ಗೆ ಒರೆಸಿದ ನೆಲದ ಮೇಲೆ ಕೆಂಪು ಹೆಜ್ಜೆ ಕಂಡಿತು. ಪಾದ ಎತ್ತಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ಡ್ರಾಯಿಂಗ್ ಪಿನ್ನು ಪೂರ್ತಿ ಇಳಿದಿದೆ. ಅಪ್ಪನಿಗೆ ನೋವೇ ಆಗಿರಲಿಲ್ಲ.

ಡಾಕ್ಟರು ನೈಲಾನ್ ಎಳೆಯಿಂದ ಪಾದ ಮುಟ್ಟಿ ನೋಡಿದರು. ಕಣ್ಣು ಮುಚ್ಚಿಕೊಂಡಿದ್ದ ಅಪ್ಪ "ಇನ್ನೂ ಶುರು ಮಾಡಿಲ್ವಾ?" ಅಂದರು. ಆಗಲೇ ನಾಲ್ಕು ಕಡೆ ಮುಟ್ಟಿ ಆಗಿತ್ತು.

ಈ ಜೋಮು ಮೂರು ವಾರದಲ್ಲಿ ಬಂದದ್ದಲ್ಲ, ಒಪ್ಪುತ್ತೇನೆ. ವರ್ಷಗಟ್ಟಲೆ ಸಕ್ಕರೆ ಏರಿದ್ದರ ಫಲ. ಆದರೆ ಮಾತ್ರೆ ಬಿಟ್ಟಿದ್ದರಿಂದ ಸಕ್ಕರೆ ಏರಿದೆ, ಗಾಯ ಬೇಗ ಮಾಯುವುದಿಲ್ಲ ಅಂದಿದ್ದಾರೆ. ನಾನು ರಜೆ ಹಾಕಿದ್ದೇನೆ, ದಿನಾ ಡ್ರೆಸ್ಸಿಂಗ್‌ಗೆ ಕರೆದೊಯ್ಯಬೇಕು, ಮಗಳ ಪರೀಕ್ಷೆ ಬೇರೆ ಇದೆ.

ರಾತ್ರಿ ನಿಮ್ಮ ವರದಿ ಪೂರ್ತಿ ಓದಿದೆ. ಪ್ರಯೋಗ ನಡೆದದ್ದು ಇಲಿಗಳ ಮೇಲೆ ಅಂತ ಕೊನೇ ಸಾಲಲ್ಲಿದೆ! ಸ್ಟ್ರೆಪ್ಟೊಜೊಟೊಸಿನ್ ಅನ್ನೋ ರಾಸಾಯನಿಕ ಚುಚ್ಚಿ, ಇನ್ಸುಲಿನ್ ಕೊಡುವ ಜೀವಕೋಶಗಳನ್ನು ಕೊಂದು ಸಕ್ಕರೆ ಕಾಯಿಲೆ ತರಿಸಿದ ಇಲಿಗಳು. ಸಾರ ಕುಡಿಸಿದ ಮೇಲೆ ನೆನಪಿನ ಪರೀಕ್ಷೆಯಲ್ಲಿ ಅವು ನೀರಿನಲ್ಲಿ ದಾರಿ ಬೇಗ ಹುಡುಕಿದವಂತೆ. ಒಳ್ಳೆಯದೇ. ಅದು ಮನುಷ್ಯರಿಗೂ ಆಗುತ್ತದೆ ಅಂತ ಹೇಗೆ ಬರೆದಿರಿ? ನೀವು ಹೊಗಳಿದ ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನೋ ಅಂಶ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ತೀರಾ ಕಮ್ಮಿ. ಇನ್ನು ಬ್ರಾಹ್ಮಿ ಅಂತೀರಿ, ಯಾವ ಬ್ರಾಹ್ಮಿ? ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ, ನೀರುಬ್ರಾಹ್ಮಿಗೂ ಬ್ರಾಹ್ಮಿ ಅಂತಾರೆ. ಎರಡೂ ಬೇರೆ ಬೇರೆ ಗಿಡ.

ನಾನು ಗಿಡಮೂಲಿಕೆಯ ವಿರೋಧಿಯಲ್ಲ. ಅಪ್ಪ ಬಿಟ್ಟ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಗೆಲೇಗಾ ಅನ್ನೋ ಗಿಡವೇ. ಗಿಡದಲ್ಲಿದ್ದ ಅಂಶ ವಿಷಕಾರಿಯಾಗಿತ್ತು. ಅದರ ಜಾಡು ಹಿಡಿದು, ಪ್ರಯೋಗಾಲಯದಲ್ಲಿ ತಯಾರಿಸಿದ ಔಷಧವನ್ನು ಮನುಷ್ಯರಿಗೆ ಕೊಟ್ಟು ನೋಡಿ, 1957ರಲ್ಲಿ ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಫಲಿತಾಂಶ ಪ್ರಕಟಿಸಿದರು. ಆ ಶ್ರಮ ಬೇಡವೇ? ಅದೇ ಮಾತ್ರೆಯನ್ನು ಬಹಳ ವರ್ಷ ನುಂಗಿದರೆ ಕೆಲವರಿಗೆ ಬಿ12 ವಿಟಮಿನ್ ಕಮ್ಮಿಯಾಗಿ ಕಾಲು ಜೋಮು ಹಿಡಿಯಬಹುದು, ರಕ್ತ ಪರೀಕ್ಷೆ ಮಾಡಿಸಿ ಅಂತ ಒಂದು ಸಾಲು ಬರೆದಿದ್ದರೆ ಎಷ್ಟು ಜನಕ್ಕೆ ಉಪಯೋಗವಾಗುತ್ತಿತ್ತು!

ಇನ್ನು ಅಧಿಕಾರಿಗಳು. ಪ್ರಮಾಣವನ್ನೇ ಬರೆಯದ ಇಂಥದ್ದೇ ಬಾಟಲಿ ಹಿಡಿದುಕೊಂಡು ಹೋದ ವರ್ಷ ದೂರು ಕೊಡಲು ಅವರ ಕಚೇರಿಗೆ ಹೋಗಿದ್ದೆ. ಸಾಹೇಬರು ಮೀಟಿಂಗಲ್ಲಿದ್ದಾರೆ, ಸೋಮವಾರ ಬನ್ನಿ ಅಂದರು. ಸೋಮವಾರ ಹೋದರೆ ಅವರಿಗೆ ವರ್ಗವಾಗಿತ್ತು. ಅರ್ಜಿ ಎಲ್ಲಿದೆಯೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಸಕ್ಕರೆ ಪರೀಕ್ಷೆಗೆ ಸಾಲು ನಿಲ್ಲಿಸುತ್ತಾರೆ, ಚಪ್ಪಲಿ ಬಿಚ್ಚಿಸಿ ಪಾದ ನೋಡುವವರು ಒಬ್ಬರೂ ಇಲ್ಲ. ಮೊದಲೇ ನೋಡಿದ್ದರೆ ನಮ್ಮಪ್ಪನ ಜೋಮು ಯಾವತ್ತೋ ಗೊತ್ತಾಗುತ್ತಿತ್ತು.

ಆ ವರದಿಗೆ ಅಷ್ಟೇ ದೊಡ್ಡದಾಗಿ ತಿದ್ದುಪಡಿ ಹಾಕಿ. ಇಲ್ಲವೇ ಇಂಥ ವರದಿ ಹಾಕಲೇಬೇಡಿ. ಆ ಬಾಟಲಿಗಳನ್ನೂ ಯಾರಾದರೂ ತಪಾಸಣೆ ಮಾಡಲಿ. ಸಂಬಳ ತಗೊಂಡು ಕೂತವರು ಏನು ಮಾಡುತ್ತಿದ್ದಾರೆ?

– ಬೇಸತ್ತ ಓದುಗ