ತಾಲೀಮಿನ ಹೊತ್ತೂ ದುಡಿಮೆಯೇ ಅಲ್ವಾ ಸರ್?

ಮಾನ್ಯ ಕಾರ್ಮಿಕ ಸಚಿವರಿಗೆ, ದಾವಣಗೆರೆಯಿಂದ ನಮಸ್ಕಾರಗಳು.

ನಾನು 22 ವರ್ಷದಿಂದ ಬಣ್ಣ ಹಚ್ಚುತ್ತಿದ್ದೇನೆ. ಮೊದಲು ಕಂಪನಿ ನಾಟಕದಲ್ಲಿದ್ದೆ. ಈಗ ಹಳ್ಳಿ ನಾಟಕಗಳಿಗೆ ಪಾರ್ಟು ಮಾಡಲು ಹೋಗುತ್ತೇನೆ.

ಹಳ್ಳಿಯಲ್ಲಿ ನಾಟಕ ಶುರುವಾಗುವುದೇ ರಾತ್ರಿ ಹತ್ತರ ಮೇಲೆ. ಮಂಗಳ ಹಾಡುವಾಗ ಬೆಳಕು ಹರಿದಿರುತ್ತದೆ. ಬಣ್ಣ ಅಳಿಸಿ, ಬಸ್ಸು ಹಿಡಿದು ಮನೆ ಸೇರುವಷ್ಟರಲ್ಲಿ ಒಂಬತ್ತು ಗಂಟೆ. ಅವತ್ತೇ ಮಧ್ಯಾಹ್ನ ಇನ್ನೊಂದು ಊರಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರು ತಾಲೀಮಿಗೆ ಕಾಯುತ್ತಿರುತ್ತಾರೆ. ಜಾತ್ರೆ ದಿನಗಳಲ್ಲಿ ಇಂಥ ರಾತ್ರಿ ಸಾಲಾಗಿ ನಾಲ್ಕೈದು ಬರುತ್ತವೆ.

ಹೋದ ಬೇಸಿಗೆಯಲ್ಲಿ ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಮೂರು ಗಂಟೆಗೆ ತಾಲೀಮಿಗೆ ನಿಂತೆ. ಮುಗಿದಾಗ ರಾತ್ರಿ ಒಂಬತ್ತು. ಶೌಚಾಲಯಕ್ಕೆ ಬೀಗ. ಹಾಗೇ ಬಣ್ಣ ಹಚ್ಚಿಕೊಂಡು ರಂಗಕ್ಕೆ ಹೋದೆ. ಎರಡನೇ ಅಂಕದಲ್ಲಿ ತಲೆ ಸುತ್ತಿ ಬಿದ್ದೆ. ಊರಿನವರೇ ಎತ್ತಿ ಕೂರಿಸಿ, ನೀರು ಕುಡಿಸಿ, ಗಾಳಿ ಬೀಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಆರು ಗಂಟೆಯ ಕೂಲಿ ಕೇಳಿದಾಗ, "ತಾಲೀಮಿಗೂ ದುಡ್ಡು ಕೊಡಬೇಕೇನಮ್ಮಾ?" ಅಂದರು. ಹಾಗೆ ಕೊಡಬೇಕು ಅಂತ ಅವರಿಗೆ ಯಾರೂ ಹೇಳಿಯೇ ಇಲ್ಲ.

ಸೀನು ಕಟ್ಟುವ ಹುಡುಗರ ಪಾಡು ನನಗಿಂತ ಕಷ್ಟ. ಮಧ್ಯಾಹ್ನ ಬಂದು ಕಂಬ ನೆಡುತ್ತಾರೆ, ರಾತ್ರಿಯಿಡೀ ಪರದೆ ಎಳೆಯುತ್ತಾರೆ, ಬೆಳಗ್ಗೆ ಎಲ್ಲ ಬಿಚ್ಚಿ ಗಾಡಿಗೆ ತುಂಬುತ್ತಾರೆ. ನಿದ್ದೆ ಅಂದರೆ ಗಾಡಿಯಲ್ಲಿ, ಮಡಚಿಟ್ಟ ಪರದೆಗಳ ಮೇಲೆ.

ಅಂಗಡಿಯಲ್ಲಿ ದುಡಿಯುವವರಿಗೆ 1961ರ ರಾಜ್ಯ ಕಾಯ್ದೆ ಇದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಜಾಸ್ತಿ ದುಡಿಸಿದರೆ ಎರಡು ಪಟ್ಟು ಕೂಲಿ. 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೂ ಸರ್ಕಾರ ಕಾಯ್ದೆ ತಂದಿತು. ಸುದ್ದಿ ಕೇಳಿ ನಿಜವಾಗಿಯೂ ಖುಷಿಪಟ್ಟೆವು. ಕಾಯಿಲೆ ಬಿದ್ದ ಮೇಲೆ ನೆರವು ಬೇಕು, ಸರಿ. ಕಾಯಿಲೆ ಬೀಳದಂತೆ ದುಡಿಯುವುದಕ್ಕೂ ಒಂದು ದಾರಿ ಬೇಕು.

ಹಳ್ಳಿ ನಾಟಕಕ್ಕೆ ಮಾಲೀಕ ಅಂತ ಒಬ್ಬನಿರುವುದಿಲ್ಲ. ಅದು ನನಗೂ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ: ನಿಮ್ಮ ಇಲಾಖೆಯಿಂದ ಒಂದು ಪುಟದ ಒಪ್ಪಂದದ ನಮೂನೆ ಕೊಡಿ. ತಾಲೀಮು ಎಷ್ಟು ಗಂಟೆ, ಅದಕ್ಕೆ ಕೂಲಿ ಎಷ್ಟು, ತಾಲೀಮಿಗೂ ಆಟಕ್ಕೂ ನಡುವೆ ಬಿಡುವು ಎಷ್ಟು, ಹೆಂಗಸರಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಶೌಚಾಲಯ ಎಲ್ಲಿ, ಇಷ್ಟು ಅದರಲ್ಲಿರಲಿ. ಮುಂಗಡ ಕೊಡುವಾಗಲೇ ಎರಡೂ ಕಡೆಯವರು ಸಹಿ ಹಾಕಲಿ. ಸರ್ಕಾರದ ಅನುದಾನ ಪಡೆಯುವ ಕಂಪನಿ, ತಂಡಗಳಿಗಂತೂ ಇದನ್ನು ಕಡ್ಡಾಯ ಮಾಡಿಸಿ. ವೃತ್ತಿ ರಂಗಭೂಮಿಯ ಹೆಸರಾಂತ ನಟಿ ಚಿಂದೋಡಿ ಲೀಲಾ ಅವರ ಊರಿದು. ವೃತ್ತಿ ರಂಗಭೂಮಿಗೆ ಅಂತಲೇ ಸರ್ಕಾರದ ರಂಗಸಂಸ್ಥೆ ರಂಗಾಯಣ ಇರುವುದೂ ಇಲ್ಲೇ. ನಮೂನೆ ಬರೆಯುವಾಗ ಅಧಿಕಾರಿಗಳು ಇಲ್ಲಿಗೇ ಬರಲಿ. ಸೀನು ಕಟ್ಟುವ ಹುಡುಗರನ್ನೂ ಕೂರಿಸಿಕೊಂಡು ಕೇಳಲಿ.

ಸುಗ್ಗಿ ಮುಗಿಯುತ್ತಿದ್ದಂತೆ ನಮಗೆ ಮುಂಗಡ ಬರಲು ಶುರುವಾಗುತ್ತದೆ. ಅಷ್ಟರೊಳಗೆ ಆ ಒಂದು ಪುಟ ನಮ್ಮ ಕೈಗೆ ಸಿಗುವಂತೆ ಮಾಡಿ.

ಇಂತಿ ನಮಸ್ಕಾರಗಳೊಂದಿಗೆ,
ದಾವಣಗೆರೆಯ ಒಬ್ಬ ಕಲಾವಿದೆ