ರೇಡಿಯೊ ಮುಟ್ಟದವರಿಗೂ ಒಂದು ನಮಸ್ಕಾರ

ಸೇನೆಯ ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್ ವಿಭಾಗದಿಂದ ನಿವೃತ್ತನಾಗಿ ಕಾರವಾರಕ್ಕೆ ವಾಪಸ್ ಬಂದವನಿಗೆ ಕೊಡಿಬಾಗದ ಗೆಳೆಯರು ಸನ್ಮಾನ ಮಾಡಿದಿರಿ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ಆಯ್ತು. ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಮೈಕ್ ಕೈಕೊಟ್ಟಾಗ ಓಡಿಬಂದು ಸರಿಮಾಡಿದ ಹುಡುಗನಿಗೆ ಇನ್ನೊಂದು ಥ್ಯಾಂಕ್ಸ್. ಅವನ ಹೆಸರನ್ನು ವೇದಿಕೆಯಲ್ಲಿ ಯಾರೂ ಹೇಳಲಿಲ್ಲ.

ಭಾಷಣ ಮಾಡಿದವರೆಲ್ಲ ನನ್ನನ್ನು ಸುನಾಮಿ ಹೊತ್ತಿನಲ್ಲಿ ನಿಕೋಬಾರ್‌ಗೆ ಸಂಪರ್ಕ ಕೊಟ್ಟವನು ಅಂತ ಹೊಗಳಿದರು. ಕೇಳೋಕೆ ಚೆಂದ. ಆದರೆ ಅದರಲ್ಲಿ ಮುಕ್ಕಾಲು ಪಾಲು ಬೇರೆಯವರಿಗೆ ಸೇರಬೇಕು. ಅವರಲ್ಲಿ ಜಾಸ್ತಿ ಜನ ರೇಡಿಯೊ ಸೆಟ್ ಮುಟ್ಟಿಯೇ ಇಲ್ಲ.

2004ರ ಡಿಸೆಂಬರ್ 26ರ ಬೆಳಿಗ್ಗೆ ಸುಮಾತ್ರಾ ಹತ್ತಿರ ಸಮುದ್ರದಡಿ ಭೂಮಿ ನಡುಗಿ ಸುನಾಮಿ ಎದ್ದಿತು. ಕಾರ್ ನಿಕೋಬಾರ್ ದ್ವೀಪದ ವಾಯುನೆಲೆ ಒಂದರಲ್ಲೇ ಸಿಬ್ಬಂದಿ, ಅವರ ಮನೆಯವರು ಸೇರಿ ನೂರಕ್ಕೂ ಹೆಚ್ಚು ಜನ ಹೋದರು. ರನ್‌ವೇಯ ಒಂದು ಭಾಗ ಉಳಿದಿತ್ತು, ಪರಿಹಾರದ ವಿಮಾನಗಳು ಇಳಿದಿದ್ದು ಅಲ್ಲೇ. ನಮ್ಮ ತಂಡವೂ ಹಾಗೇ ಇಳಿಯಿತು. ಕರೆಂಟಿಲ್ಲ, ಫೋನಿಲ್ಲ. ಪೋರ್ಟ್ ಬ್ಲೇರ್ ಸುಮಾರು 270 ಕಿ.ಮೀ. ದೂರ, ನಡುವೆ ಬರೀ ನೀರು.

ಉಪಗ್ರಹ ಫೋನ್ ಇದ್ದವು, ಆದರೆ ಬೆರಳೆಣಿಕೆಯಷ್ಟು. ಕೈಯಲ್ಲಿ ಹಿಡಿಯುವ ವಾಕಿಟಾಕಿ ಅಷ್ಟು ದೂರ ಮುಟ್ಟೋದಿಲ್ಲ. ಉಳಿದಿದ್ದು ಹಳೇ ಎಚ್‌ಎಫ್ ರೇಡಿಯೊ, ಅಂದರೆ ದೂರ ಮುಟ್ಟುವ ಶಾರ್ಟ್‌ವೇವ್ ಸೆಟ್. ಅದರ ಆಂಟೆನಾ ಅಂದರೆ ಒಂದು ತಾಮ್ರದ ತಂತಿ ಅಷ್ಟೇ. ಹಗಲಲ್ಲಿ ಬಳಸುವ 7 ಮೆಗಾಹರ್ಟ್ಸ್ ಆವರ್ತನಕ್ಕೆ ಸುಮಾರು 20 ಮೀಟರ್ ಉದ್ದ ಸಾಕು. ತುಂಬಾ ಎತ್ತರಕ್ಕೆ ಕಟ್ಟಬೇಕಾಗಿಯೂ ಇಲ್ಲ. ತಗ್ಗಿನಲ್ಲಿ ಅಡ್ಡಕ್ಕೆ ಕಟ್ಟಿದರೆ ಅಲೆ ನೆಟ್ಟಗೆ ಮೇಲೇರಿ, ಅಯಾನುಗೋಳದಿಂದ (ವಾತಾವರಣದ ಮೇಲಿನ, ವಿದ್ಯುತ್ ಕಣಗಳ ಪದರ) ವಾಪಸಾಗಿ, ಸುತ್ತಲ ಕೆಲವು ನೂರು ಕಿ.ಮೀ. ತನಕ ಕೇಳುತ್ತದೆ. ಕತ್ತಲಾದ ಮೇಲೆ 4 ಮೆಗಾಹರ್ಟ್ಸ್ ಆಸುಪಾಸಿಗೆ ಇಳಿಯಬೇಕು. ಅದಕ್ಕೆ 35 ಮೀಟರಿನ ಇನ್ನೊಂದು ತಂತಿ. ಲೆಕ್ಕ ಸುಲಭ, ಜಬಲ್‌ಪುರದ ತರಬೇತಿಯಲ್ಲೇ ಕಲಿತಿದ್ದು. ಕಟ್ಟೋದೇ ಕಷ್ಟ.

ಕಂಬ ನೆಡೋಣ ಅಂದರೆ ಕೆಳಗೆ ಹವಳದ ಬಂಡೆ. ಉಳಿದ ತೆಂಗಿನಮರಗಳಿಗೇ ಕಟ್ಟಬೇಕು. ನಿಕೋಬಾರಿ ಹುಡುಗರು ಇಬ್ಬರು ಯಾರೂ ಕೇಳದೆಯೇ ಮುಂದೆ ಬಂದರು. ಅವರ ಮನೆಯವರಲ್ಲಿ ಯಾರು ಉಳಿದಿದ್ದಾರೆ ಅಂತ ಕೇಳುವ ಧೈರ್ಯ ನಮಗಿರಲಿಲ್ಲ. ಸರಸರನೆ ಹತ್ತಿ ಹಗ್ಗ ದಾಟಿಸಿದರು. ನಾನು ಎರಡೂ ಕಡೆ ಬಿಗಿಯಾಗಿ ಎಳೆದು ಕಟ್ಟಲು ಹೊರಟಾಗ ಚಿಕ್ಕವನು ಬೇಡ ಎಂದು ಕೈ ಮಾಡಿದ. ಮರದ ಕಡೆ ತೋರಿಸಿದ, ಅದು ಗಾಳಿಗೆ ತೂಗುತ್ತಿತ್ತು. ಆಮೇಲೆ ಒಂದು ಡಬ್ಬಕ್ಕೆ ಮರಳು ತುಂಬಿ, ಹಗ್ಗದ ತುದಿಗೆ ನೇತುಹಾಕಿದ. ಮರ ಆಚೆ ಬಾಗಿದರೆ ಡಬ್ಬ ಮೇಲೆ, ಈಚೆ ಬಂದರೆ ಕೆಳಗೆ. ತಂತಿಗೆ ಜಗ್ಗಾಟವೇ ಇಲ್ಲ. ನಾವಿದ್ದಷ್ಟು ದಿನ ಅದು ಹರಿಯಲಿಲ್ಲ. ಆ ಹುಡುಗನಿಗೆ ಶಾಲು ಹೊದಿಸಬೇಕಿತ್ತು, ಅಲ್ವಾ?

ಗಂಟು ಹಾಕೋದು ಮಾತ್ರ ನಮ್ಮೂರ ವಿದ್ಯೆ. ರಂಪಣಿ ಬಲೆ ಎಳೆಯುತ್ತಿದ್ದ ನಮ್ಮ ಮಾವ ಕಲಿಸಿದ್ದು. ಒದ್ದೆಯಾದರೂ ಜಾರಬಾರದು, ಬೇಕಾದಾಗ ಒಂದೇ ಎಳೆತಕ್ಕೆ ಬಿಚ್ಚಬೇಕು. ಅವರೀಗ ಇಲ್ಲ. ಇದ್ದಿದ್ದರೆ ಇದನ್ನು ಓದಿ ಹೇಳುತ್ತಿದ್ದೆ.

ವಾಯುಪಡೆಯ ಮೆಕ್ಯಾನಿಕ್ ಒಬ್ಬರಿದ್ದರು. ಡೀಸೆಲ್ ಡ್ರಮ್ಮಿಗೆ ಉಪ್ಪುನೀರು ಸೇರಿತ್ತು. ಅವರು ಅದನ್ನು ರಾತ್ರಿಯಿಡೀ ಅಲುಗಾಡಿಸದೆ ಇಟ್ಟು, ಬೆಳಿಗ್ಗೆ ಮೇಲಿನ ಡೀಸೆಲ್ ಮಾತ್ರ ಬಗ್ಗಿಸಿ, ಬನಿಯನ್ನಿನಲ್ಲಿ ಸೋಸಿ ಜನರೇಟರಿಗೆ ಹಾಕುತ್ತಿದ್ದರು. ಅವರಿಲ್ಲದಿದ್ದರೆ ಬ್ಯಾಟರಿ ಚಾರ್ಜ್ ಇಲ್ಲ, ನಾನು ಸುಮ್ನೆ ಹೆಡ್‌ಫೋನ್ ಹಾಕಿಕೊಂಡು ಕೂರಬೇಕಿತ್ತು.

ಹೋದ ಸಂದೇಶಗಳಲ್ಲಿ ನೀರು, ಔಷಧಿ, ಟಾರ್ಪಾಲು ಇದ್ದೇ ಇತ್ತು. ಆದರೆ ಜನ ಕಾಯುತ್ತಿದ್ದದ್ದು ಹೆಸರುಗಳಿಗೆ. ಯಾರು ಬದುಕಿದ್ದಾರೆ, ಯಾವ ಶಿಬಿರದಲ್ಲಿದ್ದಾರೆ ಅಂತ. ಒಂದೊಂದು ಅಕ್ಷರ ಬಿಡಿಸಿ ಹೇಳಬೇಕು, ಆ ಕಡೆಯವರು ತಿರುಗಿ ಓದಬೇಕು. ಆ ಕಡೆ ಇದ್ದವರು ಹಾವೇರಿ ಕಡೆಯವರು. ಎಂದೂ ಬೇಸರ ಮಾಡಿಕೊಳ್ಳಲಿಲ್ಲ. ಪಟ್ಟಿ ಮುಗಿದ ಮೇಲೆ "ಊಟ ಆತೇನು?" ಅಂತ ಕೇಳುತ್ತಿದ್ದರು. ನಿಯಮದಲ್ಲಿ ಅದಕ್ಕೆ ಜಾಗವಿಲ್ಲ, ಆದರೆ ಕೇಳಬೇಡಿ ಅನ್ನೋಕೆ ನನಗೆ ಮನಸ್ಸಾಗಲಿಲ್ಲ.

ಸೈನ್ಯದವರಷ್ಟೇ ಅಲ್ಲ. ಭಾರತಿ ಪ್ರಸಾದ್ ಅವರ ಹ್ಯಾಮ್ ರೇಡಿಯೊ (ಹವ್ಯಾಸಿಗಳು ಲೈಸೆನ್ಸ್ ಪಡೆದು ನಡೆಸುವ ರೇಡಿಯೊ) ತಂಡ ಆ ತಿಂಗಳು ಪೋರ್ಟ್ ಬ್ಲೇರ್‌ನಲ್ಲಿತ್ತು. ಬಂದದ್ದು ಹವ್ಯಾಸಕ್ಕೆ. ಸುನಾಮಿ ಬಂದಮೇಲೆ ಅದನ್ನು ಬಿಟ್ಟು, ಹೊರಗಿನವರಿಗೆ ತಮ್ಮವರ ಸುದ್ದಿ ತಲುಪಿಸೋ ಕೆಲಸಕ್ಕೆ ಇಳಿದರು. ಅವರಿಗೆ ಈ ಊರಿನಿಂದಲೂ ಒಂದು ನಮಸ್ಕಾರ.

ಇನ್ನು ಮನೆ. ಅಮ್ಮ ಟಿವಿ ಮುಂದೆ ಕೂತು ಅಳುತ್ತಿದ್ದಳಂತೆ. ಫೋನಿದ್ದ ಪಕ್ಕದ ಮನೆಯವರು ದಿನಾ ಸಂಜೆ ಬಂದು, ನನ್ನಿಂದ ಸುದ್ದಿ ಬರದ ದಿನವೂ ಅವಳ ಜೊತೆ ಕೂರುತ್ತಿದ್ದರು. ಸನ್ಮಾನದ ದಿನ ಅವರು ಕೊನೇ ಸಾಲಿನಲ್ಲಿದ್ದರು. ಹಣ್ಣಿನ ಬುಟ್ಟಿ ಈಗ ಅವರ ಮನೆಯಲ್ಲಿದೆ.

ಹ್ಯಾಮ್ ಪರೀಕ್ಷೆ ಬರೆಯುವ ಆಸೆಯಿದೆ ಅಂತ ಅವತ್ತು ಕೆಲವು ಹುಡುಗ ಹುಡುಗಿಯರು ಹೇಳಿದಿರಿ. ಸಂಜೆ ಹೊತ್ತು ಮನೆಗೆ ಬನ್ನಿ. ತಂತಿ, ಹಗ್ಗ, ಚಹಾ ನನ್ನದು. ಮರ ಹತ್ತೋದು ಮಾತ್ರ ನೀವೇ.