ಬೇಡ ಎಂದವರಿಗೆ ಮೊದಲ ಥ್ಯಾಂಕ್ಸ್

ಮಾವನ ಹಳೇ ಸೈಕಲ್, ಇಂಗ್ಲೆಂಡಿನ ರ‍್ಯಾಲಿ ಕಂಪನಿಯದ್ದು, ಕೊನೆಗೂ ರಸ್ತೆಗಿಳಿಯಿತು. ಹೋದ ಭಾನುವಾರ ಉದ್ಯಾವರದಿಂದ ಮಲ್ಪೆಗೆ ಹೋಗಿ ಬಂದೆ. ಚೈನ್ ಒಮ್ಮೆಯೂ ಕಳಚಲಿಲ್ಲ. ಫೋಟೊ ನೋಡಿದವರೆಲ್ಲ "ಎಷ್ಟು ಖರ್ಚಾಯ್ತು?" ಅಂತ ಕೇಳುತ್ತಿದ್ದಾರೆ. ಖರ್ಚಿಗಿಂತ ಋಣ ಜಾಸ್ತಿಯಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾವ. ಅಮ್ಮನ ಅಣ್ಣ, ಊರಿನವರಿಗೆಲ್ಲ ಪಿಗ್ಮಿ ಮಾವ. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಕಲೆಕ್ಷನ್ ಅವರ ಕೆಲಸವಾಗಿತ್ತು. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಅದು 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಬ್ಯಾಂಕು. 1928ರಲ್ಲಿ ಪಿಗ್ಮಿ ಶುರುವಾದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಏಜೆಂಟರು ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಮಾವನ ಕಾಲಕ್ಕೆ ಆಣೆ ಹೋಗಿ ರೂಪಾಯಿ ಬಂದಿತ್ತು, ಬಾಗಿಲಿಗೆ ಹೋಗುವುದು ಮಾತ್ರ ತಪ್ಪಿರಲಿಲ್ಲ. ಮೀನು ಮಾರುವವರು, ಬೀಡಿ ಕಟ್ಟುವವರು, ಗೂಡಂಗಡಿಯವರು ಎಲ್ಲರ ಉಳಿತಾಯವೂ ಈ ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿದ ಚೀಲದಲ್ಲೇ ಬ್ಯಾಂಕ್ ಸೇರಿದ್ದು. 2020ರಲ್ಲಿ ಆ ಬ್ಯಾಂಕೇ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಸೈಕಲ್ ಸೌದೆ ಕೊಟ್ಟಿಗೆಯಲ್ಲಿ ಉಳಿಯಿತು.

ಗುಜರಿಯವರು ಬಂದು ಕೇಳಿದಾಗಲೆಲ್ಲ ಮಾವ ಬೇಡ ಅಂದರು. ಒಂದು ಹೋಟೆಲಿನವರು ಗೋಡೆಗೆ ಅಲಂಕಾರಕ್ಕೆ ಬೇಕು, ಒಳ್ಳೆ ರೇಟು ಕೊಡ್ತೇವೆ ಅಂತ ಬಂದಿದ್ದರಂತೆ. "ನೇತುಹಾಕ್ಲಿಕ್ಕೆ ಅದೆಂತ ಸತ್ತವರ ಫೋಟೊವಾ?" ಅಂತ ಕೇಳಿ ಕಳಿಸಿದರು. ನನಗೆ ಕೊಡುವಾಗಲೂ ಒಂದೇ ಶರತ್ತು: "ನೋಡು ಮಾರಾಯ, ರಸ್ತೆಯಲ್ಲಿ ಬಿಡುವುದಾದ್ರೆ ಮಾತ್ರ ತಗೊಂಡು ಹೋಗು."

ಕಟಪಾಡಿಯ ಹಳೇ ಸೈಕಲ್ ಶಾಪಿನ ಹಿರಿಯರು ಇಲ್ಲದಿದ್ದರೆ ಆ ಶರತ್ತು ನಡೆಯುತ್ತಿರಲಿಲ್ಲ. ಹೆಸರು ಹಾಕಬೇಡಿ ಅಂದಿದ್ದಾರೆ, "ಆಮೇಲೆ ಜಿಲ್ಲೆಯ ತುಕ್ಕೆಲ್ಲ ನನ್ನ ಅಂಗಡಿಗೇ ಬರ್ತದೆ." ಹೊಳೆ, ಸಮುದ್ರ ಎರಡೂ ಹತ್ತಿರ ಇರುವ ಮನೆ ಮಾವನದ್ದು. ಪೆಡಲಿನ ತೋಳಿಗೆ ಕ್ರ್ಯಾಂಕ್ ಅಂತಾರೆ, ಅದನ್ನು ಆಕ್ಸೆಲ್‌ಗೆ ಬಿಗಿಯುವ ಮೊಳೆಯೇ ಕಾಟರ್ ಪಿನ್. ಉಪ್ಪು ಗಾಳಿಗೆ ಅದು ಕ್ರ್ಯಾಂಕಿನೊಳಗೆ ಕಚ್ಚಿಕೊಂಡುಬಿಟ್ಟಿತ್ತು. ನಾನು ಸುತ್ತಿಗೆ ಎತ್ತಿದರೆ ಅವರು ಕೈ ಹಿಡಿದರು. ಕ್ರ್ಯಾಂಕಿನ ಅಡಿಗೆ ನೆಲದಿಂದ ಒಂದು ಕಬ್ಬಿಣದ ಪೈಪ್ ಆಸರೆ ಕೊಟ್ಟು, ಆಮೇಲೆ ಒಂದೇ ಪೆಟ್ಟು. ಪೆಟ್ಟಿನ ಜೋರೆಲ್ಲ ನೆಲಕ್ಕೆ ಹೋಗಬೇಕು, ಒಳಗಿನ ಬಾಲ್‌ಗಳಿಗೆ ಹೋದರೆ ಅವು ಉರುಳುವ ಕಪ್‌ನಲ್ಲಿ ಗುಳಿ ಬೀಳುತ್ತದೆ ಅಂದರು.

ಆ ಕಪ್‌ಗಳನ್ನೂ ಬಿಸಾಡಲು ಬಿಡಲಿಲ್ಲ. ಹೊಸದು ಅಗ್ಗಕ್ಕೆ ಸಿಗ್ತದಲ್ವಾ ಅಂದೆ. ಅವರು ಹೊಸದೊಂದನ್ನು ತಂದು ತಿರುಗಿಸಿ ತೋರಿಸಿದರು. ಎರಡೇ ಸುತ್ತು ತಿರುಗಿ ನಿಂತುಹೋಯಿತು. ಬೇರೆ ಸೈಕಲ್ಲುಗಳಿಗೆ ಅಲ್ಲಿ ಇಂಚಿಗೆ 24 ಥ್ರೆಡ್ (ಸ್ಕ್ರೂವಿನ ಸುತ್ತುಗೆರೆ), ನಾಟಿಂಗ್‌ಹ್ಯಾಮ್‌ನ ರ‍್ಯಾಲಿಗೆ 26. ಒತ್ತಾಯ ಮಾಡಿ ತಿರುಗಿಸಿದ್ದರೆ ಫ್ರೇಮೇ ಹಾಳು. ಹಳೇ ಕಪ್ ಉಜ್ಜಿ, ಹೊಸ ಬಾಲ್ ಹಾಕಿ, ಕೈಬೆರಳಲ್ಲೇ ಗ್ರೀಸ್ ತುಂಬಿದರು.

ಪೆಡಲಿನ ಹತ್ತಿರ ಚೈನ್ ಸುತ್ತುವ ಹಲ್ಲಿನ ಚಕ್ರ, ಚೈನ್‌ವೀಲ್, ತೊಳೆದದ್ದು ಅವತ್ತೇ. ಒಣಗಿದ ಗ್ರೀಸು ಕಪ್ಪು ಹಪ್ಪಳದ ಹಾಗೆ ಅಂಟಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕಿದೆವು. ಮೊದಲು ಒಂದು ಉದ್ದ ಕೊಕ್ಕು ಕಂಡಿತು, ಆಮೇಲೆ ಕುತ್ತಿಗೆ. ಹೀಗೆ ಸುತ್ತಲೂ ಮೂರು ಕೊಕ್ಕರೆಗಳು. ರ‍್ಯಾಲಿಯ ಗುರುತೇ ಅದು. ಅಂಗಡಿಯಲ್ಲಿ ಪಂಕ್ಚರ್ ಹಾಕಿಸಲು ಬಂದಿದ್ದ ಹುಡುಗನೂ ಬಗ್ಗಿ ನೋಡಿದ.

ಹಿಂದಿನ ರಿಮ್ ತುಕ್ಕು ತಿಂದು ತೂತಾಗಿತ್ತು, ಬದಲಾಯಿಸಿದೆವು. ಹಿಂದೆ 40 ಕಡ್ಡಿ, ಮುಂದೆ 32. ನಮ್ಮಲ್ಲಿ ದೊಡ್ಡ ಸೈಕಲ್ ಇನ್ನೂ ತಯಾರಾಗುವುದರಿಂದ 28 ಇಂಚಿನ ಟೈರು, ಟ್ಯೂಬಿಗೆಲ್ಲ ಪರದಾಡಬೇಕಾಗಿಲ್ಲ. ರಾಡ್ ಬ್ರೇಕಿನ ರಬ್ಬರೂ ಸಿಕ್ಕಿತು.

ಬಸ್ಸಿಗೆ ಹೆಸರು ಬರೆಯುವ ಪೇಂಟರಣ್ಣನಿಗೆ ವಿಶೇಷ ಥ್ಯಾಂಕ್ಸ್. ಪಳಪಳ ಹೊಳೆಯುವ ಕಪ್ಪು ಬಣ್ಣ ಬೇಕೆಂದು ನಾನೇ ಕೇಳಿಕೊಂಡು ಹೋಗಿದ್ದೆ. ಅವರು ಒದ್ದೆ ಬಟ್ಟೆಯಿಂದ ಫ್ರೇಮ್ ಒರೆಸಿದರು. ಚಿನ್ನದ ಬಣ್ಣದ ಸಪೂರ ಗೆರೆ ಅಲ್ಲಲ್ಲಿ ಎದ್ದು ಬಂತು. "ಬಣ್ಣ ನಾನು ಕೊಡ್ತೇನೆ. ಈ ಗೆರೆ ಎಳೆದವನ ಕೈ ಎಲ್ಲಿಂದ ತರುದು?" ಅಂತ ಹೇಳಿ ಬರೀ ಮೇಣ ಹಾಕಿ ಉಜ್ಜಲು ಹೇಳಿದರು. ಬರುವ ದುಡ್ಡನ್ನು ಬಿಟ್ಟು ಹೀಗೆ ಹೇಳುವವರು ಎಷ್ಟು ಜನ ಇದ್ದಾರೆ ಹೇಳಿ? ಹಳೇ ಬಣ್ಣವೇ ಇರುವುದು ನೋಡಿ ಒಬ್ಬಿಬ್ಬರು ಗೆಳೆಯರು "ಇನ್ನೂ ರಿಪೇರಿ ಮುಗಿದಿಲ್ವಾ?" ಅಂತ ಕೇಳಿದರು. ಮುಗಿದಿದೆ, ಇಷ್ಟೇ.

ಚರ್ಮದ ಸೀಟಿಗೆ ಬೂಷ್ಟು ಹಿಡಿದಿತ್ತು. ತೆಂಗಿನೆಣ್ಣೆ ಸುರಿದರೆ ಜೋತುಬೀಳ್ತದೆ ಅಂತ ತಡೆದ ಚಪ್ಪಲಿ ರಿಪೇರಿಯವರಿಗೂ, ಗಾಳಿ ಹೊಡೆಯುವ ಪಂಪನ್ನು ಇಷ್ಟು ವರ್ಷ ಜೋಪಾನ ಮಾಡಿದ್ದ ಅತ್ತೆಗೂ ನಮಸ್ಕಾರ.

ಮಾವನಿಗೆ ಈಗ ಎಂಬತ್ತು ದಾಟಿದೆ, ಮಂಡಿನೋವು. ಸೈಕಲ್ ನೋಡಿ ಹೊಗಳಲಿಲ್ಲ. ಬ್ರೇಕ್ ಒತ್ತಿದರು, ಬೆಲ್ ಹೊಡೆದರು, "ಸೀಟು ಸ್ವಲ್ಪ ಮೇಲಾಯ್ತು" ಅಂದರು. ಇಳಿಸಿದ್ದೇನೆ.

ಇನ್ನೊಂದು ಕೆಲಸ ಬಾಕಿ ಉಂಟು. ಮಿಲ್ಲರ್ ಡೈನಮೋ ತಿರುಗುತ್ತದೆ, ಬಲ್ಬು ಉರಿಯುತ್ತದೆ, ಮುಂದಿನ ಲೈಟಿನ ಗಾಜು ಮಾತ್ರ ಒಡೆದಿದೆ. ಯಾರ ಮನೆಯ ಅಟ್ಟದಲ್ಲಾದರೂ ಅಂಥದ್ದು ಬಿದ್ದಿದ್ದರೆ ದಯವಿಟ್ಟು ತಿಳಿಸಿ. ಕಾರ್ಕಳವಾಗಲಿ, ಕುಂದಾಪುರವಾಗಲಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಸೈಕಲ್ಲಿನಲ್ಲೇ ಬರುತ್ತೇನೆ ಅಂತ ಮಾತ್ರ ಹೇಳಲಾರೆ.